ಮಿಕ್ಸಿಯೂ ಮಿಡಿಯೂ

ಹೆಂಗಸರ ಕೆಲಸದ ಬಗ್ಗೆ ಗಂಡಸರೂ, ಒಮ್ಮೊಮ್ಮೆ ಹಿರಿಯ ಹೆಂಗಸರೂ ಹೇಳುವ ಒಂದು ಮಾತಿದೆ: “ನಿಮಗೇನಮ್ಮ, ಈಗ ಎಲ್ಲಾ ಮೆಷೀನೇ ಮಾಡತ್ತೆ.” ಮಿಕ್ಸಿ ಪುಡಿ ಮಾಡುತ್ತದೆ, ಗ್ರೈಂಡರ್ ರುಬ್ಬುತ್ತದೆ, ವಾಷಿಂಗ್ ಮೆಷೀನ್ ಒಗೆದು ಹಿಂಡಿ ಕೊಡುತ್ತದೆ, ಕುಕ್ಕರು ಬೆಂದಾಯಿತೆಂದು ತಾನೇ ಕೂಗಿ ಹೇಳುತ್ತದೆ; ಮನೆಯಾಕೆ ಗುಂಡಿ ಒತ್ತಿ ಕಾಲು ಚಾಚಿ ಕುಳಿತರಾಯಿತು ಎಂಬುದು ಇದರ ತಾತ್ಪರ್ಯ. ಹೀಗೆ ಹೇಳುವವರನ್ನು ಒಂದು ದಿನ ಗ್ರೈಂಡರಿನ ಮುಂದೆ ನಿಲ್ಲಿಸಿ ನೋಡಬೇಕು. ಉದ್ದು ಎಷ್ಟು ಹೊತ್ತು ನೆನೆದಿರಬೇಕು, ನೀರನ್ನು ಒಂದೇ ಸಲ ಸುರಿಯಬೇಕೋ ಚಿಮುಕಿಸುತ್ತ ಹೋಗಬೇಕೋ, ಹಿಟ್ಟು ಉಬ್ಬಿ ಬೆಣ್ಣೆಯಂತಾಗುವುದು ಯಾವ ಗಳಿಗೆಯಲ್ಲಿ, ಅದನ್ನು ದಾಟಿ ರುಬ್ಬುತ್ತಲೇ ಹೋದರೆ ಹಿಟ್ಟು ಬಿಸಿಯಾಗಿ ಇಡ್ಲಿ ಕೆಡುವುದು ಹೇಗೆ, ಇವು ಯಾವುದೂ ಆ ಗುಂಡಿಯ ಮೇಲೆ ಬರೆದಿರುವುದಿಲ್ಲ. ಕಲ್ಲು ತಿರುಗುವುದು ಮೆಷೀನಿನ ಕೆಲಸ. ಯಾವಾಗ ನಿಲ್ಲಿಸಬೇಕು ಎಂಬುದು ನಮ್ಮ ಕೆಲಸ.

ಈ ಮಾತು ಈಗ ಅಡುಗೆಮನೆಯ ಹೊಸ್ತಿಲು ದಾಟಿ ಸಂಗೀತದ ವೇದಿಕೆಯನ್ನೂ ಹತ್ತಿದೆ. ಕೆಲವು ವರ್ಷಗಳಿಂದ ನಾನಿದನ್ನು ಅಲ್ಲಿಯೂ ಕೇಳುತ್ತಿದ್ದೇನೆ. ಏಕೆಂದರೆ ನನ್ನ ಮಗಳು ಒಂದು ಬ್ಯಾಂಡಿನಲ್ಲಿ ಲ್ಯಾಪ್‌ಟಾಪ್ ನುಡಿಸುತ್ತಾಳೆ. ‘ನುಡಿಸುತ್ತಾಳೆ’ ಎಂದು ಬೇಕೆಂದೇ ಬರೆದಿದ್ದೇನೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಅವರದು ಐದು ಜನರ ತಂಡ. ಒಬ್ಬ ಹಾಡುತ್ತಾನೆ, ಒಬ್ಬನದು ಡ್ರಮ್ಸ್, ಒಬ್ಬನದು ಗಿಟಾರು, ಒಬ್ಬನದು ಕೊಳಲು. ಐದನೆಯವಳು ಇವಳು. ತತ್ವಪದ, ಜನಪದ ಗೀತೆಗಳನ್ನು ತಮ್ಮ ಕಾಲದ ಧಾಟಿಯಲ್ಲಿ ಹಾಡುತ್ತಾರೆ. ಕಾಲೇಜು ವಾರ್ಷಿಕೋತ್ಸವ, ಗಣೇಶೋತ್ಸವ, ನವೆಂಬರಿನಲ್ಲಿ ರಾಜ್ಯೋತ್ಸವ, ಹೀಗೆ ಕರೆದಲ್ಲಿಗೆ ಹೋಗುತ್ತಾರೆ. ತಂಡ ಕಟ್ಟಿದ ಹೊಸತರಲ್ಲಿ ನಮ್ಮತ್ತೆ ಮೊಮ್ಮಗಳನ್ನು ಕೂರಿಸಿಕೊಂಡು ವಿಚಾರಿಸಿದರು.

“ಹಾಡೋನು ಒಬ್ಬ, ಬಾರಿಸೋನು ಒಬ್ಬ, ಊದೋನು ಇನ್ನೊಬ್ಬ. ನೀನೇನೇ ಮಾಡ್ತೀಯ ಅಲ್ಲಿ?”

“ಮಿಡಿ ಅಜ್ಜಿ.”

“ಮಿಡಿನಾ? ಉಪ್ಪಿನಕಾಯಿಗೆ ಹಾಕೋದಾ?”

ಆ ದಿನ ನಾವು ಮೂವರೂ ನಕ್ಕಿದ್ದೆವು. ಆದರೆ ಅತ್ತೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕನ್ನಡದಲ್ಲಿ ಮಿಡಿ ಎಂದರೆ ಎಳೆಯ ಮಾವಿನಕಾಯಿ; ತಂತಿಯನ್ನು ಬೆರಳಿನಿಂದ ಮೀಟುವುದೂ ಮಿಡಿಯುವುದೇ; ಇನ್ನೊಬ್ಬರ ಕಷ್ಟಕ್ಕೆ ಮನಸ್ಸು ಮಿಡಿಯುವುದೂ ಉಂಟು. ಇವಳ ಮಿಡಿ ಬೇರೆ. ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್ ಎಂಬ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು. ವಾದ್ಯಗಳು ಒಂದರೊಡನೊಂದು ಮಾತನಾಡಲು ಒಪ್ಪಿಕೊಂಡ ಭಾಷೆ ಎನ್ನಬಹುದು.

ಅವಳ ಸಾಮಾನು ನೋಡಿದರೆ ವಾದ್ಯವೆಂದು ಯಾರೂ ಹೇಳಲಾರರು. ಒಂದು ಲ್ಯಾಪ್‌ಟಾಪ್. 25 ಕೀಗಳ ಪುಟ್ಟ ಕೀಬೋರ್ಡು. ನಾಲ್ಕು ಸಾಲಿನಲ್ಲಿ ನಾಲ್ಕು ನಾಲ್ಕರಂತೆ 16 ರಬ್ಬರಿನ ಚೌಕಗಳಿರುವ ಒಂದು ಹಲಗೆ. ಬೆರಳಲ್ಲಿ ತಟ್ಟಿದರೆ ಚೌಕದೊಳಗೆ ದೀಪ ಹತ್ತುತ್ತದೆ. ತಿರುಗಿಸಲು ಎಂಟು ಗುಂಡಿಗಳು. ಕಾಲಲ್ಲಿ ಒತ್ತುವ ಪೆಡಲು. ದಪ್ಪ ಪುಸ್ತಕದಷ್ಟಿರುವ ಒಂದು ಸೌಂಡ್ ಕಾರ್ಡು. ಇಷ್ಟನ್ನೂ ಕಾಲೇಜಿನ ಬೆನ್ನುಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತುತ್ತಾಳೆ. ಲ್ಯಾಪ್‌ಟಾಪು ಇಲ್ಲದೆ ಆ ಕೀಬೋರ್ಡನ್ನು ಎಷ್ಟು ಒತ್ತಿದರೂ ಮರದ ಮಣೆ ಕುಟ್ಟಿದಂತೆ ಟಕಟಕ ಎನ್ನುತ್ತದೆಯೇ ಹೊರತು ಸ್ವರ ಬರುವುದಿಲ್ಲ. ಏಕೆಂದರೆ ಅದರೊಳಗೆ ಸ್ವರವೇ ಇಲ್ಲ.

ಮತ್ತೇನಿದೆ? ಅಂಗಡಿಗೆ ಬರೆದು ಕೊಡುವ ಸಾಮಾನಿನ ಚೀಟಿಯನ್ನು ನೆನೆಸಿಕೊಳ್ಳಿ. ಚೀಟಿಯಲ್ಲಿ ಬೇಳೆಯಿರುವುದಿಲ್ಲ, ಬೆಲ್ಲವಿರುವುದಿಲ್ಲ. ಯಾವುದು, ಎಷ್ಟು ಎಂದು ಮಾತ್ರ ಇರುತ್ತದೆ. ಮಿಡಿಯೂ ಹಾಗೆಯೇ. ಬೆರಳು ಒಂದು ಕೀ ಒತ್ತಿತು ಎಂದಾಗ ಮೂರು ಸಂಖ್ಯೆಗಳು ಹೋಗುತ್ತವೆ: ಇಂಥ ಚಾನೆಲ್ಲಿನಲ್ಲಿ ಸ್ವರವೊಂದು ಶುರುವಾಯಿತು, ಯಾವ ಸ್ವರ, ಎಷ್ಟು ಜೋರಾಗಿ ಬಡಿದದ್ದು. ಪಿಯಾನೋದ ನಡುವಿನ ‘ಸಿ’ ಸ್ವರಕ್ಕೆ 60 ಎಂಬ ಸಂಖ್ಯೆ. ಬಡಿತದ ಬಲಕ್ಕೆ 1ರಿಂದ 127ರವರೆಗೆ ಮೆಟ್ಟಿಲುಗಳು. ಬೆರಳು ಎತ್ತಿದಾಗ ಇನ್ನೊಂದು ಚೀಟಿ: ಸ್ವರ ಮುಗಿಯಿತು. ಹೀಗೆ ಒಂದೇ ತಂತಿಯಲ್ಲಿ 16 ಚಾನೆಲ್ಲುಗಳಷ್ಟು ಚೀಟಿಗಳು ಓಡಾಡಬಹುದು. ಚೀಟಿ ಓದಿ ಸಾಮಾನು ಕಟ್ಟಿಕೊಡುವ ಅಂಗಡಿ ಲ್ಯಾಪ್‌ಟಾಪಿನಲ್ಲಿರುತ್ತದೆ. ಅದೇ ಚೀಟಿಯನ್ನು ಕೊಳಲಿನ ಅಂಗಡಿಗೆ ಕೊಟ್ಟರೆ ಕೊಳಲು, ಘಟದ ಅಂಗಡಿಗೆ ಕೊಟ್ಟರೆ ಘಟ.

ಈ ಭಾಷೆ ಹುಟ್ಟಿದ ಕಥೆ ಮಿಕ್ಸಿ ಇರುವ ಪ್ರತಿಯೊಬ್ಬ ಹೆಂಗಸಿಗೂ ಅರ್ಥವಾಗುವಂಥದು. ಒಂದು ಕಂಪನಿಯ ಮಿಕ್ಸಿಯ ಜಾರು ಇನ್ನೊಂದು ಕಂಪನಿಯ ಮಿಕ್ಸಿಗೆ ಕೂರುವುದಿಲ್ಲವಷ್ಟೆ? ಜಾರು ಒಡೆದರೆ ಅದೇ ಕಂಪನಿಯ ಬಾಗಿಲಿಗೇ ಹೋಗಬೇಕು. 1980ರ ಸುಮಾರಿಗೆ ಎಲೆಕ್ಟ್ರಾನಿಕ್ ವಾದ್ಯಗಳ ಪಾಡೂ ಹೀಗೆಯೇ ಇತ್ತು. ಜಪಾನಿನ ರೋಲ್ಯಾಂಡ್ ಕಂಪನಿಯ ಸ್ಥಾಪಕ ಇಕುಟಾರೊ ಕಾಕೆಹಾಶಿ, ಅಮೆರಿಕದಲ್ಲಿ ಸೀಕ್ವೆನ್ಶಿಯಲ್ ಸರ್ಕ್ಯೂಟ್ಸ್ ಎಂಬ ಕಂಪನಿ ನಡೆಸುತ್ತಿದ್ದ ಡೇವ್ ಸ್ಮಿತ್, ಇವರಿಬ್ಬರೂ ಬೇರೆ ಕಂಪನಿಗಳವರನ್ನೂ ಸೇರಿಸಿಕೊಂಡು ಎಲ್ಲ ವಾದ್ಯಗಳಿಗೂ ಒಪ್ಪುವ ಒಂದು ಕ್ರಮವನ್ನು ಗೊತ್ತುಮಾಡಿದರು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಒಂದು ವಾದ್ಯಮೇಳದಲ್ಲಿ ಸ್ಮಿತ್ ಅವರ ಕೀಬೋರ್ಡಿಗೂ ಕಾಕೆಹಾಶಿಯವರ ಕೀಬೋರ್ಡಿಗೂ ಒಂದು ತಂತಿ ಕಟ್ಟಿ, ಒಂದನ್ನು ಒತ್ತಿದರೆ ಇನ್ನೊಂದೂ ನುಡಿಯುವುದನ್ನು ಜನರಿಗೆ ತೋರಿಸಿದರು. ಇಬ್ಬರೂ ವ್ಯಾಪಾರದಲ್ಲಿ ಪ್ರತಿಸ್ಪರ್ಧಿಗಳು. ಆದರೂ ಆ ಕ್ರಮವನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟರು. ಅದಕ್ಕಾಗಿ 2013ರಲ್ಲಿ ಇಬ್ಬರಿಗೂ ಟೆಕ್ನಿಕಲ್ ಗ್ರ್ಯಾಮಿ ಗೌರವ ಸಂದಿತು. ಕಾಕೆಹಾಶಿ 2017ರಲ್ಲಿ, ಸ್ಮಿತ್ 2022ರಲ್ಲಿ ತೀರಿಕೊಂಡರು. 2020ರಲ್ಲಿ ಇದರ ಎರಡನೆಯ ಆವೃತ್ತಿ ಬಂದಿದೆ. ಆದರೂ 1983ರ ಹಳೆಯ ಮಿಡಿ ಇಂದಿಗೂ ಕೆಲಸ ಮಾಡುತ್ತಿದೆ. ನಲವತ್ತು ವರ್ಷದ ಹಿಂದಿನ ಜಾರು ಇವತ್ತಿನ ಮಿಕ್ಸಿಗೆ ಕೂರುವಂತಿದ್ದರೆ ನಮ್ಮ ಅಟ್ಟದ ಮೇಲೆ ಎಷ್ಟು ಜಾಗ ಉಳಿಯುತ್ತಿತ್ತೋ!

ಎಲ್ಲರಿಗೂ ಒಪ್ಪುವಂತೆ ಮಾಡಿದಾಗ ಕೆಲವರು ಬಿಟ್ಟುಹೋಗುವುದೂ ಉಂಟು. 1991ರಲ್ಲಿ ವಾದ್ಯಗಳಿಗೆ ಸಂಖ್ಯೆ ಕೊಟ್ಟು 128ರ ಒಂದು ಪಟ್ಟಿ ಮಾಡಿದರು. ಮಗಳು ಅದನ್ನು ತೆರೆದು ತೋರಿಸಿದಳು. 105ರಲ್ಲಿ ಸಿತಾರ್ ಇದೆ, 112ರಲ್ಲಿ ಶಹನಾಯಿ ಇದೆ. ಹೆಲಿಕಾಪ್ಟರಿನ ಶಬ್ದಕ್ಕೂ ಸಂಖ್ಯೆಯಿದೆ. ವೀಣೆ ಇಲ್ಲ. ಮೃದಂಗ, ತಬಲ ಇಲ್ಲ. ಹುಡುಗಿಯಾಗಿದ್ದಾಗ ಆರು ವರ್ಷ ವೀಣೆ ಅಭ್ಯಾಸ ಮಾಡಿದವಳು ನಾನು; ನನಗೆ ಚುರುಕ್ಕೆಂದಿತು. “ಪಟ್ಟೀಲಿ ಇಲ್ಲದಿದ್ರೇನಮ್ಮ, ನಾವೇ ತುಂಬ್ಕೋಬಹುದು” ಎಂದಳು ಮಗಳು.

ತುಂಬಿಕೊಳ್ಳುವುದು ಎಂದರೆ ಏನೆಂದು ಮರುದಿನ ಗೊತ್ತಾಯಿತು. ಹಿತ್ತಿಲಿನ ಮೂಲೆಯಲ್ಲಿ ಬೋರಲಾಗಿ ಬಿದ್ದಿದ್ದ ರಾಗಿ ಬೀಸುವ ಕಲ್ಲನ್ನು ತೊಳೆದು ನಡುಮನೆಗೆ ತಂದಳು. ಅತ್ತೆಯ ಕೈಗೆ ಹಿಡಿ ಕೊಟ್ಟು, ಒಂದು ಹಿಡಿ ರಾಗಿ ಹಾಕಿ, ಬೀಸಿ ಎಂದಳು. ಎಂಬತ್ತರ ಹತ್ತಿರದ ಅತ್ತೆ ಒಂದು ಕಾಲು ಚಾಚಿ ಕುಳಿತು ಬೀಸಿದರು. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಬೀದಿಯಲ್ಲಿ ಸ್ಕೂಟರು ಹೋದಾಗಲೆಲ್ಲ ನಿಲ್ಲಿಸಿ, ಮತ್ತೆ ಶುರುಮಾಡಿ, ಮಧ್ಯಾಹ್ನವೆಲ್ಲ ಆಯಿತು. ಕೊನೆಗೆ ಅವಳು ಆರಿಸಿಕೊಂಡದ್ದು ಒಂದೇ ಒಂದು ಸುತ್ತಿನ ಶಬ್ದ. ಹಿಡಿ ತನ್ನ ಕಡೆಗೆ ಬರುವಾಗಿನ ಭಾರವಾದ ಗರ್ ಎಂಬುದು ಒಂದು ಚೌಕಕ್ಕೆ, ದೂರ ಹೋಗುವಾಗಿನ ಹಗುರ ಇನ್ನೊಂದು ಚೌಕಕ್ಕೆ. ಎರಡನ್ನೂ ಎರಡು ಬೆರಳಿನಿಂದ ತಟ್ಟಿದರೆ ಅತ್ತೆ ಬೀಸುತ್ತಿರುವಂತೆಯೇ ಕೇಳುತ್ತದೆ. ಮೊದಮೊದಲು ಯಂತ್ರದಂತೆ ಸಮನಾಗಿ ಕೇಳುತ್ತಿತ್ತು. “ಬೀಸೋವಾಗ ಉಸಿರು ಬಿಡಲ್ವೇನೇ? ಹಿಂಗೆ ಒಂದೇ ಸಮ ಬೀಸಿದ್ರೆ ರಟ್ಟೆ ಬಿದ್ದೋಗತ್ತೆ” ಎಂದು ಅತ್ತೆ ಹೇಳಿದ ಮೇಲೆ, ಒಂದೊಂದು ಸುತ್ತಿಗೂ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಬರುವಂತೆ ಕೈಯನ್ನು ಪಳಗಿಸಿಕೊಂಡಳು. ಅದಕ್ಕೆ ಎರಡು ವಾರ ಹಿಡಿಯಿತು. ಇದರಲ್ಲಿ ಮೆಷೀನು ಮಾಡಿದ್ದೆಷ್ಟು, ಮಗಳು ಮಾಡಿದ್ದೆಷ್ಟು, ಅತ್ತೆ ಮಾಡಿದ್ದೆಷ್ಟು ಎಂದು ಲೆಕ್ಕ ಹಾಕುವವರು ಹಾಕಲಿ.

ವಿದ್ಯುತ್ತಿನ ಸಂಗೀತ ನಮಗೆ ಹೊಸತೇನೂ ಅಲ್ಲ. ಬೆಂಗಳೂರಿನಲ್ಲಿ ಎಂಜಿನಿಯರೂ ಕೊಳಲು ವಾದಕರೂ ಆಗಿದ್ದ ಜಿ. ರಾಜ್ ನಾರಾಯಣ್ ಅವರು ಕಟ್ಟಿದ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳು ಸಂಗೀತ ಕಲಿಯುವ ಹೆಣ್ಣುಮಕ್ಕಳ ಎಷ್ಟು ಮನೆಗಳಲ್ಲಿಲ್ಲ? ರಾಮನವಮಿಯ ಕಚೇರಿಗಳಲ್ಲೂ ಅವು ವೇದಿಕೆಯ ಮೇಲೆ ಕುಳಿತಿರುತ್ತವೆ. ಆಗ ಯಾರೂ “ಶ್ರುತಿ ಮೆಷೀನಿನದು, ವಿದುಷಿಯದೇನು ಹೆಚ್ಚುಗಾರಿಕೆ” ಎಂದು ಕೇಳುವುದಿಲ್ಲ. ಇನ್ನು ಊರೂರಿನ ಆರ್ಕೆಸ್ಟ್ರಾಗಳನ್ನು ನೆನೆಸಿಕೊಳ್ಳಿ. ಕೋಲು ಹಿಡಿದು ಚೌಕಗಳ ಮೇಲೆ ಬಡಿಯುವ ‘ಪ್ಯಾಡ್’ ಇಲ್ಲದ ಆರ್ಕೆಸ್ಟ್ರಾ ಈಗ ಅಪರೂಪ. ಅದರ ಮೂಲಪುರುಷ 1985ರಲ್ಲಿ ಬಂದ ರೋಲ್ಯಾಂಡಿನ ಆಕ್ಟಾಪ್ಯಾಡ್. ಎಂಟು ಚೌಕಗಳ ಆ ಮೊದಲ ಮಾದರಿಗೂ ಸ್ವಂತ ಶಬ್ದವಿರಲಿಲ್ಲ, ಅದೂ ಬರೀ ಮಿಡಿ ಚೀಟಿ ಬರೆಯುವ ಹಲಗೆಯೇ. ಶಬ್ದವನ್ನು ಒಡಲಲ್ಲೇ ಇಟ್ಟುಕೊಂಡ ಪ್ಯಾಡುಗಳು ಆಮೇಲೆ ಬಂದವು. ಪ್ಯಾಡಿನವನು ಕೋಲು ಎತ್ತಿ ಬಡಿದಾಗ ಜನ ಶಿಳ್ಳೆ ಹೊಡೆಯುತ್ತಾರೆ. ಬಡಿಯುವುದು ಕಣ್ಣಿಗೆ ಕಾಣುತ್ತದಲ್ಲ! ಕಂಡರೆ ಕೆಲಸ, ಕಾಣದಿದ್ದರೆ ಮೆಷೀನು.

ನಾನು ನೋಡಿ ಬೆಳೆದ ಆರ್ಕೆಸ್ಟ್ರಾಗಳಲ್ಲಿ ಹೆಂಗಸರ ಜಾಗ ಒಂದೇ, ಮೈಕಿನ ಮುಂದೆ. ರೇಷ್ಮೆ ಸೀರೆ, ಮುಡಿತುಂಬ ಮಲ್ಲಿಗೆ, ತನ್ನ ಹಾಡು ಬರುವವರೆಗೆ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂರುವುದು. ಗುಂಡಿಗಳಿರುವ ಪೆಟ್ಟಿಗೆಗಳ ಹತ್ತಿರ ಅವರು ಸುಳಿಯುತ್ತಿರಲಿಲ್ಲ; ಯಾರೂ ಕರೆಯುತ್ತಲೂ ಇರಲಿಲ್ಲ. ಆದ್ದರಿಂದ ಭಾರತದಲ್ಲಿ ಈ ಸಂಗೀತ ಶುರುವಾದ ಕಡೆಯಲ್ಲೇ ಒಬ್ಬ ಹೆಂಗಸಿದ್ದಳೆಂದು ಓದಿ ನನಗೆ ಹಿತವಾಯಿತು. 1969ರಲ್ಲಿ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ಗೆ ಅಮೆರಿಕದಿಂದ ಮೂಗ್ ಸಿಂಥಸೈಸರ್ ಬಂತು. ಡೇವಿಡ್ ಟ್ಯೂಡರ್ ಎಂಬ ಅಮೆರಿಕನ್ ಸಂಗೀತಗಾರರು ಅಲ್ಲಿ ಧ್ವನಿಶಾಲೆಯನ್ನು ಅಣಿಗೊಳಿಸಿದರು. ಅದರಲ್ಲಿ ಸಂಗೀತ ರಚಿಸಿದ ಕೆಲವೇ ಜನರಲ್ಲಿ ಗೀತಾ ಸಾರಾಭಾಯಿ ಒಬ್ಬರು. ಗಂಡಸರ ವಾದ್ಯವೆನಿಸಿದ್ದ ಪಖಾವಾಜನ್ನು ಕಲಿತಿದ್ದ ಹೆಂಗಸು. ಆ ಶಾಲೆಯ ಟೇಪುಗಳು ಹತ್ತಾರು ವರ್ಷ ಕಪಾಟಿನಲ್ಲಿದ್ದು, 2023ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂದವು.

ಲ್ಯಾಪ್‌ಟಾಪಿನೊಳಗೆ ಮಗಳು ಬಳಸುವುದು ಬರ್ಲಿನ್ನಿನ ಒಂದು ಕಂಪನಿ 2001ರಲ್ಲಿ ಹೊರತಂದ ಏಬಲ್‌ಟನ್ ಲೈವ್ ಎಂಬ ತಂತ್ರಾಂಶ. ತೆರೆದರೆ ಪಂಚಾಂಗದ ಪುಟದಂತೆ ಮನೆಗಳು ಕಾಣುತ್ತವೆ. ಒಂದೊಂದು ಕಂಬಸಾಲೂ ಒಂದೊಂದು ವಾದ್ಯ. ಅಡ್ಡಸಾಲು ಹಾಡಿನ ಒಂದೊಂದು ಭಾಗ: ಪಲ್ಲವಿ, ನಡುವಣ ವಾದ್ಯ, ಚರಣ. ಅಡ್ಡಸಾಲಿನ ಗುಂಡಿ ಒತ್ತಿದರೆ ಆ ಭಾಗವಷ್ಟೇ ಸುತ್ತಿ ಸುತ್ತಿ ನುಡಿಯುತ್ತಿರುತ್ತದೆ, ಮುಂದಿನದನ್ನು ಒತ್ತುವವರೆಗೆ. ಹಾಡುವವನು ಚರಣದಲ್ಲಿ ಮೈಮರೆತು ಇನ್ನೊಂದು ಸಲ ಎತ್ತಿಕೊಂಡನೇ? ಇವಳು ಒತ್ತುವುದಿಲ್ಲ. ಅವನು ಬೇಗ ಮುಗಿಸಿದನೇ? ಒಡನೆ ಒತ್ತಬೇಕು. ಅಂದರೆ ಕಿವಿ ಸದಾ ಅವನ ಬಾಯಲ್ಲಿರಬೇಕು. ಊಟಕ್ಕೆ ಬಡಿಸುವವಳು ಎಲೆ ನೋಡುತ್ತ ನಿಲ್ಲುವಂತೆ.

ಇದರಲ್ಲಿ ಅಡುಗೆಯಷ್ಟೇ ಸೂಕ್ಷ್ಮದ ಲೆಕ್ಕಗಳಿವೆ. ಒಂದನ್ನು ಹೇಳುತ್ತೇನೆ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವುದನ್ನು ನೋಡಿದ್ದೀರಲ್ಲ? ಬಟ್ಟೆ ಕಲ್ಲಿಗೆ ಬಿದ್ದದ್ದು ಮೊದಲು ಕಾಣುತ್ತದೆ, ಶಬ್ದ ಆಮೇಲೆ ಬರುತ್ತದೆ. ಲ್ಯಾಪ್‌ಟಾಪಿನಲ್ಲೂ ಬೆರಳು ಬಿದ್ದದ್ದಕ್ಕೂ ಶಬ್ದ ಹೊರಡುವುದಕ್ಕೂ ನಡುವೆ ಹೀಗೊಂದು ತಡ ಇರುತ್ತದೆ. ಕಂಪ್ಯೂಟರು ಶಬ್ದವನ್ನು ಹನಿಹನಿಯಾಗಿ ಕೊಡದೆ ಕೊಡಕ್ಕೆ ತುಂಬಿ ಕೊಡುತ್ತದೆ. ಸೆಕೆಂಡಿಗೆ 44,100 ಹನಿಗಳಂತೆ ಹರಿಯುವಾಗ, ಕೊಡ 1,024 ಹನಿಯದಾದರೆ ತುಂಬಲು ಸುಮಾರು 23 ಮಿಲಿಸೆಕೆಂಡು ಬೇಕು. ತಾಳದ ಮೇಲೆ ತಟ್ಟಿದ್ದು ತಾಳದ ಹಿಂದೆ ಬೀಳುತ್ತದೆ. 128 ಹನಿಯ ತಂಬಿಗೆ ಇಟ್ಟರೆ 3 ಮಿಲಿಸೆಕೆಂಡು, ಬೆರಳಿಗೂ ಕಿವಿಗೂ ಅಂತರವೇ ಗೊತ್ತಾಗದು. ಆದರೆ ತಂಬಿಗೆ ಬೇಗ ಬರಿದಾಗುತ್ತದೆ. ತುಂಬುವುದು ಕ್ಷಣ ತಡವಾದರೂ ಸ್ಪೀಕರಿನಲ್ಲಿ ಸಾಸಿವೆ ಸಿಡಿದಂತೆ ಪಟಪಟ ಶಬ್ದ. ಯಾವ ಹಾಡಿಗೆ ಎಷ್ಟು ದೊಡ್ಡ ಪಾತ್ರೆ ಎಂಬುದನ್ನು ಅವಳು ನಮ್ಮ ನಡುಮನೆಯಲ್ಲಿ ಕುಳಿತು ಒಂದೊಂದಾಗಿ ಗೊತ್ತುಮಾಡಿಕೊಂಡು, ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ.

ಮೆಷೀನಿಗೆ ಸೋಲುವ ಜಾಗಗಳೂ ಇವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಕೀಬೋರ್ಡಿನಲ್ಲಿ ಒಂದು ಕೀಗೂ ಇನ್ನೊಂದಕ್ಕೂ ನಡುವೆ ಗೋಡೆಯಿದೆ. ನಮ್ಮ ಸಂಗೀತ ಇರುವುದೇ ಆ ಗೋಡೆಯ ಸಂದಿಯಲ್ಲಿ. ಸ್ವರವನ್ನು ಎಳೆಯಲೆಂದೇ ಮಿಡಿಯಲ್ಲಿ ಬೇರೊಂದು ಏರ್ಪಾಡಿದೆ; ಅದಕ್ಕೆ 16,384 ಮೆಟ್ಟಿಲುಗಳಂತೆ. ಅಷ್ಟು ಮೆಟ್ಟಿಲು ಹತ್ತಿಳಿದರೂ ತೋಡಿಯ ಗಾಂಧಾರ ನನ್ನ ವೀಣೆಯ ಮೇಲೆ ಬರುವಂತೆ ಅದರಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಮಗಳೂ ಇದನ್ನು ಒಪ್ಪುತ್ತಾಳೆ. “ಅದಕ್ಕೇ ಅಲ್ವೇನಮ್ಮ ಕೊಳಲಿನವನು ಇರೋದು? ಅವನು ಗಮಕ ಹಿಡಿದಾಗ ನಾನು ಶ್ರುತಿ ಮಾತ್ರ ಇಟ್ಟು ಸುಮ್ಮನಿರ್ತೀನಿ” ಎನ್ನುತ್ತಾಳೆ. ತನ್ನ ಕೈಯಲ್ಲಿ ನೂರು ವಾದ್ಯಗಳಿದ್ದೂ ಸುಮ್ಮನಿರುವುದನ್ನು ಕಲಿಯುವುದು ಸುಲಭವಲ್ಲ. ಬ್ಯಾಂಡಿನಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡವರು ಕೆಡುವುದು ಇಲ್ಲಿಯೇ ಎಂದು ಅವಳ ಅಂಬೋಣ: ಮೆಷೀನು ಎಲ್ಲವನ್ನೂ ಮಾಡಬಲ್ಲದೆಂದು ಎಲ್ಲವನ್ನೂ ಮಾಡಿಸಿದರೆ ಮಿಕ್ಕ ನಾಲ್ವರಿಗೆ ಕೆಲಸವಿರುವುದಿಲ್ಲ, ಕೇಳುವವರಿಗೆ ಉಸಿರಿರುವುದಿಲ್ಲ.

2023ರ ಗಣೇಶೋತ್ಸವದಲ್ಲಿ ಅವರ ಕಾರ್ಯಕ್ರಮ ನಮ್ಮೂರಿಗೆ ಹತ್ತಿರದ ಒಂದು ತಾಲ್ಲೂಕು ಕೇಂದ್ರದಲ್ಲಿತ್ತು. ಅತ್ತೆಯನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದೆ. ಬೀಸುವ ಕಲ್ಲಿನ ಹಾಡು ಮೂರನೆಯದು. ಕಲ್ಲಿನ ಶಬ್ದ ಆಳೆತ್ತರದ ಸ್ಪೀಕರುಗಳಿಂದ ಹೊರಟಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ಪಲ್ಲವಿ ಮುಗಿದು ವಾದ್ಯ ನಡೆಯುತ್ತಿರುವಾಗ ಕರೆಂಟು ಹೋಯಿತು.

ಮೈಕು, ಗಿಟಾರು, ಸ್ಪೀಕರು ಎಲ್ಲ ಒಂದೇ ಏಟಿಗೆ ನಿಂತವು. ಕತ್ತಲಲ್ಲಿ ಮಗಳ ಮುಖ ಮಾತ್ರ ಲ್ಯಾಪ್‌ಟಾಪಿನ ಬೆಳಕಿನಲ್ಲಿ ಕಾಣುತ್ತಿತ್ತು. ಅದಕ್ಕೆ ಬ್ಯಾಟರಿಯುಂಟು, ಸೌಂಡ್ ಕಾರ್ಡಿಗೂ ಅದರಿಂದಲೇ ವಿದ್ಯುತ್ತು. ಹಾಗಾಗಿ ಡ್ರಮ್ಸಿನ ಹುಡುಗನ ಕಿವಿಗೆ ಹೋಗುವ ತಾಳದ ಟಿಕ್ ಟಿಕ್ ನಿಂತಿರಲಿಲ್ಲ. ಅವನ ಚರ್ಮವಾದ್ಯಕ್ಕೆ ಕರೆಂಟೇಕೆ? ಅವನು ಬಾರಿಸುತ್ತಲೇ ಹೋದ. ಕೊಳಲಿನವನು ವೇದಿಕೆಯ ಅಂಚಿಗೆ ಬಂದು ಬರಿಯ ಉಸಿರಿನಲ್ಲಿ ನುಡಿಸತೊಡಗಿದ. ಜನ ಚಪ್ಪಾಳೆಯ ತಾಳ ಹಿಡಿದರು. ಜನರೇಟರು ಎಬ್ಬಿಸಲು ಒಂದೆರಡು ನಿಮಿಷವೇ ಹಿಡಿಯಿತು. ಅಷ್ಟು ಹೊತ್ತೂ ಪರದೆಯ ಮೇಲೆ ಅದೇ ಎಂಟು ಆವರ್ತದ ಸಾಲು ಸದ್ದಿಲ್ಲದೆ ಸುತ್ತುತ್ತಿತ್ತು. ಇವಳು ಚರಣದ ಗುಂಡಿ ಒತ್ತಲಿಲ್ಲ. ಕರೆಂಟು ಬಂದೊಡನೆ ಜನರ ಎದೆ ನಡುಗುವಂತೆ ಶಬ್ದ ಹಾರಬಾರದೆಂದು ತನ್ನ ಶಬ್ದದ ಗುಂಡಿಯನ್ನು ಪೂರ್ತಿ ಇಳಿಸಿ, ಅದರ ಮೇಲೆ ಕೈಯಿಟ್ಟು, ಡ್ರಮ್ಸಿನವನ ಮುಖ ನೋಡುತ್ತ ನಿಂತಿದ್ದಳು. ದೀಪ ಬಂತು. ಮೆಲ್ಲಗೆ ಗುಂಡಿ ಏರಿಸಿದಳು. ಬೀಸುವ ಕಲ್ಲು ಎಲ್ಲಿಂದಲೋ ಹತ್ತಿರ ಬರುವಂತೆ ಬಂದು, ಡ್ರಮ್ಸಿನ ತಾಳದ ಮೇಲೆ ಸರಿಯಾಗಿ ಕೂತಿತು. ಆಗ ಚರಣದ ಗುಂಡಿ ಒತ್ತಿದಳು; ಹಾಡುವವನು ಎತ್ತಿಕೊಂಡ.

ಮೆಷೀನಿಗೆ ಕತ್ತಲಾದದ್ದೇ ತಿಳಿದಿರಲಿಲ್ಲ. ಅದು ತನ್ನ ಪಾಡಿಗೆ ಎಣಿಸುತ್ತಿತ್ತು. ಕಾಯಬೇಕೆಂದು ತಿಳಿದದ್ದು ಇವಳಿಗೆ.

ಕಾರ್ಯಕ್ರಮ ಮುಗಿದ ಮೇಲೆ ಸನ್ಮಾನ. ಒಬ್ಬೊಬ್ಬರ ಹೆಸರೂ ಕೂಗಿ ಶಾಲು ಹೊದಿಸಿದರು: ಹಾಡಿದವನಿಗೆ, ಡ್ರಮ್ಸಿನವನಿಗೆ, ಗಿಟಾರಿನವನಿಗೆ, ಕೊಳಲಿನವನಿಗೆ. ತಟ್ಟೆಯಲ್ಲಿ ತಂದಿದ್ದೇ ನಾಲ್ಕು ಶಾಲು. ನಿರೂಪಕರು ನಮ್ಮ ಹುಡುಗಿಯ ಕಡೆ ಕೈ ತೋರಿಸಿ, “ಸೌಂಡ್ ಸಿಸ್ಟಮ್‌ನವರಿಗೂ ಧನ್ಯವಾದಗಳು” ಎಂದರು. ಅವಳು ಆಗ ಬಗ್ಗಿ ವೈರು ಸುತ್ತುತ್ತಿದ್ದಳು. ತಂಡದ ಹುಡುಗರು ಏನೋ ಹೇಳಹೋದರು. ಅಷ್ಟರಲ್ಲಿ ಮಂಗಳಾರತಿಯ ಗಂಟೆ ಶುರುವಾಗಿ ಜನ ಎದ್ದಿದ್ದರು. ಹುಡುಗರ ಬಗ್ಗೆ ಒಂದು ಮಾತು ಹೇಳಬೇಕು: ಬಂದ ಹಣವನ್ನು ಎಂದೂ ಐದು ಪಾಲು ಮಾಡದೆ ಬಿಟ್ಟಿಲ್ಲ.

ರಾತ್ರಿ ಕಾರಿನಲ್ಲಿ ಬರುತ್ತ ನಾನು, “ಹೋಗಲಿ ಬಿಡೇ, ಒಂದು ಶಾಲು ತಾನೇ” ಎಂದೆ. ಅವಳು ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು, “ಶಾಲು ಯಾರಿಗೆ ಬೇಕಮ್ಮ ಈ ಸೆಕೇಲಿ. ಹೆಸರು ಹೇಳಬೇಕಿತ್ತು.”

ಆ ಮಾತಿಗೆ ನನ್ನಲ್ಲಿ ಸಮಾಧಾನವಿರಲಿಲ್ಲ. ಮದುವೆ ಮನೆಗಳಲ್ಲಿ ಹೋಳಿಗೆ ಚೆನ್ನಾಗಿದೆ ಎನ್ನುವವರು ಮಾಡಿದವಳ ಹೆಸರು ಕೇಳುವುದಿಲ್ಲ. ಅದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ಮಗಳು ಆಮೇಲೊಂದು ದಿನ ತಾನೇ ಇಂಗ್ಲೆಂಡಿನ ಡೀಲಿಯಾ ಡರ್ಬಿಶೈರ್ ಎಂಬಾಕೆಯ ಕಥೆ ಹೇಳಿದಳು. ಬಿಬಿಸಿಯಲ್ಲಿ 1958ರಲ್ಲಿ ರೇಡಿಯೋಫೋನಿಕ್ ವರ್ಕ್‌ಶಾಪ್ ಎಂಬ ವಿಭಾಗ ಹುಟ್ಟಿತು. ಅದಕ್ಕೆ ಪಟ್ಟು ಹಿಡಿದು ಕಟ್ಟಿದವರಲ್ಲಿ ಡ್ಯಾಫ್ನಿ ಓರಮ್ ಎಂಬ ಹೆಂಗಸೂ ಒಬ್ಬಳು. ಡರ್ಬಿಶೈರ್ ಅಲ್ಲಿಗೆ ಕೆಲಸಕ್ಕೆ ಬಂದವಳು. 1963ರಲ್ಲಿ ‘ಡಾಕ್ಟರ್ ಹೂ’ ಎಂಬ ಟಿ.ವಿ. ಕಥೆಯ ಆರಂಭದ ಸಂಗೀತವನ್ನು ರಾನ್ ಗ್ರೇನರ್ ಕಾಗದದ ಮೇಲೆ ಬರೆದುಕೊಟ್ಟರು. ಆಗ ಲ್ಯಾಪ್‌ಟಾಪಿಲ್ಲ, ಮಿಡಿಯಿಲ್ಲ. ಡರ್ಬಿಶೈರ್ ಒಂದೊಂದು ಸ್ವರವನ್ನೂ ಬೇರೆ ಬೇರೆಯಾಗಿ ಟೇಪಿಗೆ ಹಿಡಿದು, ವೇಗ ಬದಲಿಸಿ, ಟೇಪನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ಅಂಟಿಸಿ ಅದನ್ನು ಕಟ್ಟಿದಳು. ಕೇಳಿದ ಗ್ರೇನರ್ ಆಕೆಗೂ ಪಾಲು ಸಿಗಬೇಕೆಂದರು. ಆದರೆ ಆ ವಿಭಾಗದವರ ಹೆಸರು ಹಾಕುವ ಪದ್ಧತಿ ಬಿಬಿಸಿಯಲ್ಲಿರಲಿಲ್ಲ. ಆಕೆ 2001ರಲ್ಲಿ ತೀರಿಕೊಂಡಳು. ಅದೇ ಕಾರ್ಯಕ್ರಮದ ಪರದೆಯ ಮೇಲೆ ಆಕೆಯ ಹೆಸರು ಮೊದಲ ಸಲ ಬಂದದ್ದು 2013ರಲ್ಲಿ, ಐವತ್ತನೆಯ ವರ್ಷದ ವಿಶೇಷ ಕಂತಿನಲ್ಲಿ. “ಐವತ್ತು ವರ್ಷ ಕಾಯೋಕ್ಕೆ ನನ್ನ ಕೈಲಾಗಲ್ಲಮ್ಮ” ಎಂದು ನಕ್ಕಳು ಮಗಳು. ನಗೆಯಲ್ಲಿ ಹಟವಿತ್ತು, ನನಗದು ಇಷ್ಟವಾಯಿತು.

ಆದರೆ ನಿರೂಪಕರು ಏನೆಂದು ಹೇಳಬೇಕು? ಕನ್ನಡ ಧಾರಾಳದ ಭಾಷೆ. ವೀಣೆ ನುಡಿಸುತ್ತೇವೆ, ತಂಬೂರಿ ಮೀಟುತ್ತೇವೆ, ಡೋಲು ಬಾರಿಸುತ್ತೇವೆ, ಕೊಳಲು ಊದುತ್ತೇವೆ, ತಾಳ ತಟ್ಟುತ್ತೇವೆ. ಒಂದೊಂದು ವಾದ್ಯಕ್ಕೂ ಒಂದೊಂದು ಕ್ರಿಯೆ. ಲ್ಯಾಪ್‌ಟಾಪಿಗೆ? ತಂಡದ ಹುಡುಗರು ‘ಆಪರೇಟ್ ಮಾಡುತ್ತಾರೆ’ ಎಂದು ಬರೆದಿದ್ದರು, ಅದು ಜೆ.ಸಿ.ಬಿ.ಗೂ ಸಲ್ಲುವ ಮಾತು. ‘ನಿರ್ವಹಣೆ’ ಎಂದರೆ ಬಸ್ ಕಂಡಕ್ಟರರ ಕೈಚೀಲದಲ್ಲಿರುವ ನಿರ್ವಾಹಕರ ಪುಸ್ತಕ ನೆನಪಾಗುತ್ತದೆ. ಊಟದ ಮನೆಯಲ್ಲಿ ಈ ಚರ್ಚೆ ನಡೆಯುವಾಗ ಅತ್ತೆ ಮಜ್ಜಿಗೆಗೆ ಕಾಯುತ್ತಿದ್ದರು.

“ನುಡಿಸ್ತಾಳೆ ಅಂತ ಬರೀರಿ. ಅದಕ್ಯಾಕಿಷ್ಟು ಯೋಚನೆ?” ಎಂದರು.

“ಅದು ವೀಣೆಗೆ ಅಲ್ವಾ ಅಜ್ಜಿ?”

“ವೀಣೆ ತಾನಾಗೇ ನುಡಿಯುತ್ತೇನು? ನುಡಿಯೋ ಹಾಗೆ ಮಾಡ್ತಾರೆ, ಅದಕ್ಕೆ ನುಡಿಸೋದು ಅನ್ನೋದು. ಹಿತ್ತಲಲ್ಲಿ ಬಿದ್ದಿದ್ದ ನನ್ನ ಕಲ್ಲನ್ನೇ ನುಡಿಸಿದಾಳೆ ಇವಳು. ಬರಿ.”

ಬರೆದದ್ದು ಎರಡೇ ಸಾಲು: ಅವಳ ಹೆಸರು, ಕೆಳಗೆ, ‘ಲ್ಯಾಪ್‌ಟಾಪ್ ಮತ್ತು ಮಿಡಿ ನುಡಿಸುವವರು.’ ಆ ನವೆಂಬರಿನ ರಾಜ್ಯೋತ್ಸವದಲ್ಲಿ ನಿರೂಪಕಿ ಅದನ್ನು ಓದಿದರು. ಮಿಡಿ ಎಂದಾಗ ಜನರ ನಡುವೆ ಯಾರೋ ನಕ್ಕರು, ಇನ್ಯಾರೋ ಚಪ್ಪಾಳೆ ತಟ್ಟಿದರು. ಈಗ ಪ್ರತಿ ಕಾರ್ಯಕ್ರಮಕ್ಕೂ ಅವಳ ಬೆನ್ನುಚೀಲದಲ್ಲಿ ವೈರುಗಳ ಜೊತೆ ಆ ಚೀಟಿಯ ಎರಡು ಪ್ರತಿಗಳಿರುತ್ತವೆ. ಒಂದು ನಿರೂಪಕರಿಗೆ, ಇನ್ನೊಂದು ಅವರು ಕಳೆದುಕೊಂಡರೆ ಇರಲಿ ಎಂದು.